ಶಿವನೆ ಮರದ ಎದೆ

ನನ್ನ ಬಲಭುಜದ ನೋವು ನನ್ನ ಕಾಯಿಲೆಗಿಂತ ಎರಡು ವರ್ಷ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ಜನ ಕಾಯಿಲೆಯನ್ನೇ ಬೈದರು, ನಾನೂ ಬಹಳ ಕಾಲ ಅದನ್ನೇ ಬೈದೆ. ಕಾಯಿಲೆಯಿಂದ ಹೋದದ್ದು ಬಲಮೊಲೆ. ಬಲಗೈ ಹೋದದ್ದು ನನ್ನಿಂದಲೇ. ಇಂಥದೇ ಆಪರೇಷನ್ ಆಗಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಕನ್ನಡಿ ನೋಡುತ್ತಿರುವ ಹೆಂಗಸರು ಯಾರಾದರೂ ಇದನ್ನು ಓದಿದರೆ, ನನ್ನ ದಡ್ಡತನ ಅವರ ಉಪಯೋಗಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಸಾಗರ ಪೇಟೆಯಲ್ಲಿ ನಮ್ಮದು ಕೆತ್ತನೆ ಕೆಲಸದ ಮನೆ. ಗಂಡಸರು ಶ್ರೀಗಂಧ ಕೆತ್ತುತ್ತಾರೆ, ಹೆಂಗಸರು ಬೆಂಡಿನ ಕೆಲಸ ಮಾಡುತ್ತಾರೆ. ಬೆಂಡು ಎಂದರೆ ಕೆರೆಯಲ್ಲಿ ಬೆಳೆಯುವ ಒಂದು ಗಿಡದ ತಿರುಳು. ಒಣಗಿದರೆ ಹಾಲಿನಷ್ಟು ಬೆಳ್ಳಗಾಗುತ್ತದೆ, ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಅದನ್ನು ಹರಿತವಾದ ಕತ್ತಿಯಲ್ಲಿ ಹಾಳೆಯ ಹಾಗೆ ತೆಳ್ಳಗೆ ಸೀಳಿ, ಹೂವು, ಎಲೆ, ಗಿಳಿ ಮಾಡಿ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ತಯಾರಿಸುತ್ತಿದ್ದೆವು. ನನ್ನ ಕೈಯ ಬಾಸಿಂಗ ಬೇಕೆಂದು ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಜನ ಬರುತ್ತಿದ್ದರು. ನನಗೆ ಅದರ ಜಂಬ ಚೆನ್ನಾಗಿಯೇ ಇತ್ತು, ಈಗ ಮುಚ್ಚಿಟ್ಟು ಏನು ಮಾಡಲಿ.

ಮದುವೆಯ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕತ್ತಿ ಎಳೆಯುವುದು, ಮಳೆಗಾಲದಲ್ಲಿ ನಮ್ಮನೆಯವರು ಕೆತ್ತಿದ ಗಂಧದ ಪೆಟ್ಟಿಗೆಗಳನ್ನು ಉಪ್ಪುಕಾಗದ ಹಿಡಿದು ಉಜ್ಜುವುದು. ಎರಡಕ್ಕೂ ಬಲಗೈಯೇ ಬೇಕು. ಮೂವತ್ತಾರನೆಯ ವಯಸ್ಸಿಗೆ ಭುಜ ಹಿಡಿದುಕೊಂಡಿತು. ನಮ್ಮ ಅತ್ತೆ ಭಾಗೀರಥಮ್ಮ, ನನಗೆ ಬೆಂಡಿನ ಕೆಲಸ ಕಲಿಸಿದವರೂ ಅವರೇ, ಸಂಜೆ ಒಲೆಯ ಪಕ್ಕ ಕೂರಿಸಿಕೊಂಡು ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಹಾಗೆ ತಿಕ್ಕುವಾಗಲೇ ಒಂದು ದಿನ ಅವರ ಬೆರಳು ಕಂಕುಳ ಕೆಳಗೆ ನಿಂತಿತು.

“ಇದೆಂತದೇ ಇಲ್ಲಿ? ಹುಣಸೆ ಬೀಜದ ಹಂಗೆ ಸಿಗ್ತದೆ” ಎಂದರು.

ಭುಜದ ನೋವು ಕೆಳಗಿಳಿದು ಗಂಟು ಕಟ್ಟಿರಬೇಕು ಎಂದೆ ನಾನು. ಡಾಕ್ಟರಿಗೆ ತೋರಿಸು ಎಂದು ಅವರು ವಾರಕ್ಕೊಮ್ಮೆ ಹೇಳುತ್ತಿದ್ದರು. ಲಗ್ನದ ಕಾಲ ಮುಗಿಯಲಿ ಎಂದು ನಾನು ಮುಂದೂಡುತ್ತಿದ್ದೆ. ಕೊನೆಗೆ ಅವರ ಕೈಗೆ ಸಿಗಬಾರದೆಂದು ಎಣ್ಣೆ ಹಚ್ಚಿಸಿಕೊಳ್ಳುವುದನ್ನೇ ಬಿಟ್ಟೆ. ಹೀಗೆ ಐದು ತಿಂಗಳು ಕಳೆದೆ. ನೋವಿಲ್ಲದ ಗಂಟನ್ನು ನೋವಿರುವ ಭುಜದ ಲೆಕ್ಕಕ್ಕೆ ಸೇರಿಸಿದ್ದು ನನ್ನ ಮೊದಲನೆಯ ತಪ್ಪು.

ಆಗ ಶರಾವತಿಯ ಹಿನ್ನೀರು ಏರಿ, ಊರು ಬಿಟ್ಟ ಜನ ಗಾಡಿ ಗಾಡಿಯಾಗಿ ಸಾಗರಕ್ಕೆ ಬಂದು ಇಳಿಯುತ್ತಿದ್ದ ಕಾಲ. ಪೇಟೆಯ ಡಾಕ್ಟರ ಶಾಪಿನಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಅಂಥ ಗಲಾಟೆಯಲ್ಲೂ ನನ್ನನ್ನು ಮುಟ್ಟಿ ನೋಡಿದ ಕೂಡಲೇ ಡಾಕ್ಟರು ನಮ್ಮನೆಯವರನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ನಮ್ಮನೆಯವರ ಕೈಯಲ್ಲಿ ಒಂದು ಚೀಟಿಯಿತ್ತು. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಹೋಗಬೇಕಂತೆ, ಸಣ್ಣ ಗಂಟು, ತೆಗೆದುಬಿಡುತ್ತಾರಂತೆ ಎಂದಷ್ಟೇ ಹೇಳಿದರು. ಕಾಯಿಲೆಯ ಹೆಸರನ್ನು ಯಾರೂ ನನ್ನ ಮುಂದೆ ಆಡಲಿಲ್ಲ. ಆಗ ಹಾಗೆಯೇ, ಹೆಸರು ಗಂಡಸರ ಕಿವಿಗೆ, ಗಾಯ ನಮಗೆ. ಆದರೆ ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಪಕ್ಕ ಬಿಟ್ಟುಕೊಟ್ಟು, ಸಾಗರದಿಂದ ಆಗುಂಬೆಯವರೆಗೆ ಒಂದು ಮಾತೂ ಆಡದೆ ಕುಳಿತಿದ್ದನ್ನು ನೋಡಿ ನನಗೆ ಅರ್ಥವಾಗಿತ್ತು.

ಆಸ್ಪತ್ರೆಯಲ್ಲಿ ಹೆಂಗಸರಿಗೆ ಕೂರಲು ಒಂದು ಉದ್ದನೆಯ ಬೆಂಚಿತ್ತು. ಒಳಗಿನಿಂದ ಹೆಸರು ಕೂಗಿದಾಗೆಲ್ಲ ಒಬ್ಬಳು ಏಳುವಳು, ಉಳಿದವರು ಒಂದೊಂದು ಗೇಣು ಮುಂದೆ ಸರಿಯುವೆವು. ಎರಡು ದಿನ ಹಾಗೆ ಸರಿದು ಸರಿದು ಆ ಹಲಗೆಯ ಒಂದೊಂದು ಬಿರುಕೂ ಪರಿಚಯವಾಯಿತು. ಮೂರನೆಯ ದಿನ ಆಪರೇಷನ್. ಸಣ್ಣ ಗಂಟು ತೆಗೆಯುತ್ತಾರೆಂದು ಮಲಗಿದವಳು ಎಚ್ಚರವಾದಾಗ ಬಲಗಡೆ ಎದೆಯಿಂದ ಕಂಕುಳವರೆಗೆ ಬಟ್ಟೆ ಸುತ್ತಿತ್ತು, ಆ ಬಟ್ಟೆ ಮಟ್ಟಸವಾಗಿತ್ತು. ನಮ್ಮನೆಯವರು ಕಾಲ ಬಳಿ ನಿಂತಿದ್ದರು. ಹೇಳಲಿಲ್ಲವಲ್ಲ ನೀವು ಎಂದು ಕೇಳಿದೆ. ಹೇಳಿದ್ದರೆ ನೀನು ಬರುತ್ತಿರಲಿಲ್ಲ ಎಂದರು. ಅದು ನಿಜವೇ.

ಅಲ್ಲಿ ನನ್ನನ್ನು ನಗಿಸಿದವಳು ಪಕ್ಕದ ಮಂಚದ ಬೀಡಿ ಕಟ್ಟುವ ಹೆಂಗಸು. ಹೊಟ್ಟೆಯ ಆಪರೇಷನ್ನಿಗೆ ಬಂದಿದ್ದಳು. ನನ್ನ ಕೈ ಮೇಲೇಳುವುದಿಲ್ಲ ಎಂದು ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ತನ್ನ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬಂದು ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಬೀಡಿ ಕಟ್ಟುವ ಬೆರಳು, ಜಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ ಹುಬ್ಬು ಮೇಲೇರುತ್ತಿತ್ತು. ಅವಳ ಘಟ್ಟದ ಕೆಳಗಿನ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವಳಿಗೆ. ಅಲ್ಲಿದ್ದ ಹದಿನೆಂಟು ದಿನದಲ್ಲಿ ಅವಳಷ್ಟು ಹತ್ತಿರ ಯಾರೂ ಇರಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಹುಳದ ಹಾಗೆ ಮೇಲೆ ಮೇಲೆ ಹತ್ತಿಸಲು ಕಲಿಸಿದರು. ಎಲ್ಲಿಗೆ ಮುಟ್ಟಿತೋ ಅಲ್ಲಿ ಸೀಮೆಸುಣ್ಣದ ಗೆರೆ ಹಾಕಬೇಕು, ಮರುದಿನ ಅದಕ್ಕಿಂತ ಮೇಲೆ ಹೋಗಬೇಕು. ನಾನು ಧೈರ್ಯ ಮಾಡಿ, ಹೋದ ಜಾಗದಲ್ಲಿ ಏನಾದರೂ ಇಟ್ಟು ಹೊಲಿಯಲು ಆಗುವುದಿಲ್ಲವೇ ಎಂದು ಕೇಳಿದೆ. ಹೊರದೇಶದಲ್ಲಿ ರಬ್ಬರಿನ ಚೀಲದಂಥದ್ದನ್ನು ಚರ್ಮದ ಒಳಗೇ ಇಡುವುದು ಶುರುವಾಗಿದೆಯಂತೆ, ತಾವು ಓದಿದ್ದಷ್ಟೇ, ನೋಡಿಲ್ಲ ಎಂದರು.

“ಅದು ಇಲ್ಲಿಗೆ ಬಂದಿದ್ರೂ ನಿಮಗೆ ನಾನು ಬೇಡ ಅಂತಿದ್ದೆ. ನಿಮ್ಮ ಭುಜ ಮೊದಲೇ ಕೆಟ್ಟಿದೆ. ಈಗ ಅದನ್ನ ಹಿಡಿದಿದ್ದ ಮಾಂಸಾನೂ ತೆಗ್ದಿದೀವಿ. ಅಲ್ಲಿ ಭಾರ ಹಾಕ್ಬೇಡಿ. ಬೇಕಾದ್ರೆ ಒಂದಿಷ್ಟು ಹತ್ತಿ ಇಟ್ಕೊಳ್ಳಿ. ಒಂದು ವರ್ಷ ಕೈ ನೋಡ್ಕೊಳ್ಳಿ, ಬೇರೆ ಏನೂ ನೋಡ್ಬೇಡಿ.”

ನನ್ನ ತಲೆಗೆ ಹೋದದ್ದು ಮೊದಲ ಅರ್ಧ ಮಾತ್ರ. ಎಲ್ಲೋ ಯಾವ ಹೆಂಗಸರಿಗೋ ಅದು ಸಿಗುತ್ತದೆ, ನನಗೆ ಸಿಗುವುದಿಲ್ಲ. ಘಟ್ಟದ ಒಂದೊಂದು ತಿರುವಿನಲ್ಲೂ ಅದನ್ನೇ ಯೋಚಿಸುತ್ತ ಬಂದೆ.

ದಾರಿಯಲ್ಲಿ ಹೊಸನಗರದ ನನ್ನ ಅಕ್ಕನ ಮನೆಯಲ್ಲಿ ಹದಿನೈದು ದಿನ ಉಳಿದೆ. ಅಕ್ಕ ಒರಟಿ. ಬೆಳಿಗ್ಗೆ ಕಾಫಿ ಕೊಡುವ ಮೊದಲೇ ಗೋಡೆಗೆ ನಿಲ್ಲಿಸುತ್ತಿದ್ದಳು, ಗೆರೆ ಅವಳೇ ಎಳೆಯುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಬೆರಳು ಎದೆಯ ಮಟ್ಟದಿಂದ ಗದ್ದಕ್ಕೆ, ಗದ್ದದಿಂದ ಮೂಗಿಗೆ ಬಂತು. ಇನ್ನೊಂದು ತಿಂಗಳಲ್ಲಿ ನೆತ್ತಿ ಮುಟ್ಟುತ್ತೀಯ ಎಂದಳು. ಸಾಗರಕ್ಕೆ ಬಂದ ಮೇಲೂ ಒಂದಷ್ಟು ದಿನ ಮಾಡಿದೆ, ಹುಬ್ಬಿನವರೆಗೆ ಹೋಯಿತು. ಇದನ್ನು ಬರೆಯುವುದು ಕಷ್ಟ, ಏಕೆಂದರೆ ಕೈ ಬರುತ್ತಿತ್ತು. ನಿಜವಾಗಿ ಬರುತ್ತಿತ್ತು.

ಅಷ್ಟರಲ್ಲಿ ಮಗಳು ವಿಮಲನಿಗೆ ತೀರ್ಥಹಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗ ಸ್ಕೂಲಿನಲ್ಲಿ ಗುಮಾಸ್ತ, ತಂದೆ ಇಲ್ಲ, ತಾಯಿ ಗಿರಿಜಮ್ಮ. ಒಳ್ಳೆಯ ಜನ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಮಾತ್ರ ಹೆದರಿಕೆಯಾಯಿತು. ಈ ಕಾಯಿಲೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ ಎಂದು ಆಗ ಎಲ್ಲರ ಬಾಯಲ್ಲೂ ಇತ್ತು. ಗೊತ್ತಾದರೆ ಯಾರು ನನ್ನ ಮಗಳನ್ನು ಮಾಡಿಕೊಳ್ಳುತ್ತಾರೆ? ಭುಜದ ಆಪರೇಷನ್ ಆಯಿತು ಎಂದು ಕೇರಿಗೆಲ್ಲ ಹೇಳಿದ್ದೆ. ನೋವಿನ ಭುಜ ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕೇ ನಂಬಿದ್ದರು. ಆದರೆ ರವಿಕೆಯ ಕೆಳಗಿನ ಬಾಡಿಯೊಳಗೆ ಇಟ್ಟುಕೊಂಡ ಹತ್ತಿ ನಂಬುವಂಥದ್ದಲ್ಲ. ಬೆಳಿಗ್ಗೆ ಇದ್ದಲ್ಲಿ ಮಧ್ಯಾಹ್ನ ಇರುತ್ತಿರಲಿಲ್ಲ. ಪಕ್ಕದ ಮನೆಯ ನಾಮಕರಣದಲ್ಲಿ ಅದು ಕುತ್ತಿಗೆಯ ಹತ್ತಿರ ಬಂದು ಕೂತಿದ್ದನ್ನು ಒಬ್ಬಾಕೆ ನೋಡಿ ಮುಖ ತಿರುಗಿಸಿದ್ದಳು. ಅವತ್ತು ಮನೆಗೆ ಬಂದವಳೇ ನಮ್ಮನೆಯವರಿಗೆ, ಮರದಲ್ಲಿ ಕೆತ್ತಿಕೊಡಿ ಎಂದೆ.

ಅವರು ಉಳಿ ಕೆಳಗಿಟ್ಟರು. ಮಾತಾಡಿದವರು ಅತ್ತೆ. ಬೆಂಡಿನಲ್ಲಿ ತಾವು ಮಾಡಿಕೊಡುವುದಾಗಿ ಹೇಳಿದರು. ತೆಳು ಪದರ ಒಂದರ ಮೇಲೊಂದು ಅಂಟಿಸಿ ಮೇಲೆ ಮೆತ್ತನೆಯ ತೆಳು ಮಲ್ಲು ಬಟ್ಟೆ ಹೊಲಿದರೆ ಆಕಾರವೂ ನಿಲ್ಲುತ್ತದೆ, ಭುಜಕ್ಕೆ ಗೊತ್ತೂ ಆಗುವುದಿಲ್ಲ ಎಂದರು. ಇದು ನಮ್ಮ ಕೆಲಸ ಗೊತ್ತಿರುವ ಯಾರಿಗಾದರೂ ಹೊಳೆಯುವ ಮಾತು. ನನಗೇ ಮೊದಲು ಹೊಳೆಯಬೇಕಿತ್ತು.

ಆದರೆ ಬಾಸಿಂಗದ ಬಾಳು ಎಷ್ಟು ಎಂದು ಅದನ್ನು ಮಾಡುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಿಂಗಳುಗಟ್ಟಲೆ ಮಾಡುತ್ತೇವೆ, ಮದುವೆಯ ದಿನ ಹಣೆಯ ಮೇಲಿರುತ್ತದೆ, ನಾಲ್ಕನೆಯ ದಿನ ನೀರಿಗೆ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಬೆಂಡಿನಲ್ಲಿ ಬಾಳಿಕೆಯ ಸಾಮಾನು ಮಾಡುವುದೇ ಇಲ್ಲ. ದೇವರ ಮೂರ್ತಿ, ತೊಟ್ಟಿಲ ಗೊಂಬೆ, ಉಳಿಯಬೇಕಾದ್ದೆಲ್ಲ ಮರದ್ದು. ಸಾವಿನ ಹೆದರಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ನನಗೆ ಅತ್ತೆಯ ಮಾತು ಚೂರಿಯ ಹಾಗೆ ಚುಚ್ಚಿತು.

“ನಾಲ್ಕು ದಿನಕ್ಕೆ ನೀರಿಗೆ ಬಿಡೋ ಸಾಮಾನಾ ಅತ್ತೆ ನಾನು? ನನ್ನ ಮೈಗೆ ಬೆಂಡು ಕಟ್ತೀರಾ?” ಎಂದುಬಿಟ್ಟೆ.

ಅತ್ತೆ ಎದ್ದು ಒಳಗೆ ಹೋದರು. ಆ ವಿಷಯ ಮತ್ತೆ ಎತ್ತಲಿಲ್ಲ.

ನಮ್ಮನೆಯವರು ಶಿವನೆ ಮರದ ತುಂಡು ಆರಿಸಿದರು. ಮರಗಳಲ್ಲಿ ಅದು ಹಗುರ, ಉಳಿಗೆ ಮೆತ್ತಗೆ. ದಿನಾ ಸರಸ್ವತಿ, ಲಕ್ಷ್ಮಿಯರ ಮೂರ್ತಿ ಕೆತ್ತುವ ಮನುಷ್ಯ, ಕಣ್ಣಳತೆ ತಪ್ಪುವವರೇ ಅಲ್ಲ. ಆದರೂ ಎರಡು ಸಲ ಕೆಡಿಸಿದರು. ಮೂರನೆಯದನ್ನು ಒಳಗಿನಿಂದ ತೋಡಿ ತೋಡಿ ಚಿಪ್ಪಿನ ಹಾಗೆ ಮಾಡಿ, ಮೈಗೆ ತಾಗುವ ಅಂಚನ್ನು ನುಣುಪಾಗಿ ಉಜ್ಜಿ, ನನ್ನ ಕೈಗೆ ಕೊಡುವಾಗ ಮುಖ ನೋಡಲಿಲ್ಲ. ಎಷ್ಟು ತೋಡಿದರೂ ಮರ ಮರವೇ. ಭಾರ ಆಗುತ್ತದೆ ಕಣೇ, ಡಾಕ್ಟರು ಏನು ಹೇಳಿದ್ದರು ನೆನಪಿದೆಯಾ ಎಂದರು. ಹೆಣ್ಣು ನೋಡುವ ಶಾಸ್ತ್ರ ಮುಗಿಯುವವರೆಗೆ ಮಾತ್ರ ಎಂದೆ. ಬಾಡಿಯ ಒಳಗಡೆ ಒಂದು ಜೇಬು ಹೊಲಿದು, ಅಗಲವಾದ ಪಟ್ಟಿಯನ್ನು ಬಲಭುಜದ ಮೇಲೆ ಹಾಯಿಸಿ ಕಟ್ಟಿಕೊಂಡೆ. ಕನ್ನಡಿಯಲ್ಲಿ ಹಳೆಯ ನಾನು ಕಂಡೆ. ಸಂತೋಷದಿಂದ ಅತ್ತುಬಿಟ್ಟೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅತ್ತದ್ದು ನಿಜ.

ತೀರ್ಥಹಳ್ಳಿಯವರು ಬಂದರು. ನಾನೇ ಚಾಪೆ ಹಾಸಿದೆ, ನಾನೇ ಉಪ್ಪಿಟ್ಟು ಬಡಿಸಿದೆ, ಗಿರಿಜಮ್ಮನವರ ಪಕ್ಕದಲ್ಲೇ ಕುಳಿತು ನಗುನಗುತ್ತ ಮಾತಾಡಿದೆ. ಅವರಿಗೆ ಹುಡುಗಿ ಒಪ್ಪಿಗೆಯಾಯಿತು. ಲಗ್ನ ಏಳು ತಿಂಗಳ ಮೇಲೆ ಎಂದಾಯಿತು. ಅವರು ಹೋದ ಮೇಲೆ ಪಟ್ಟಿ ಬಿಚ್ಚಿದರೆ ಭುಜದ ಮೇಲೆ ಕೆಂಪಗೆ ಗೆರೆ ಬಿದ್ದಿತ್ತು, ಮೊಣಕೈವರೆಗೆ ಜೋಮು ಹಿಡಿದಿತ್ತು. ಅವತ್ತಿಗೇ ತೆಗೆದಿಟ್ಟಿದ್ದರೆ ಈ ಕತೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಸಂಬಂಧ ಗೊತ್ತಾದ ಮೇಲೆ ಹೆದರಿಕೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಬಾಸಿಂಗ ಕೇಳಲು, ಪೆಟ್ಟಿಗೆ ನೋಡಲು ನಮ್ಮ ಮನೆಗೆ ಹೊತ್ತುಗೊತ್ತಿಲ್ಲದೆ ಜನ ಬರುತ್ತಾರೆ. ಅದರಲ್ಲಿ ತೀರ್ಥಹಳ್ಳಿಯವರೂ ಇರಬಹುದು. ಬೆಳಿಗ್ಗೆ ಮುಖ ತೊಳೆದ ಕೂಡಲೇ ಮರ ಕಟ್ಟಿಕೊಂಡರೆ ಮಲಗುವಾಗ ಬಿಚ್ಚುತ್ತಿದ್ದೆ. ಅದನ್ನು ಕಟ್ಟಿಕೊಂಡು ಗೋಡೆಗೆ ಬೆರಳು ಹತ್ತಿಸಲು ಆಗುವುದಿಲ್ಲ. ಬಿಚ್ಚಿ ಹತ್ತಿಸೋಣವೆಂದರೆ ಯಾರಾದರೂ ಬಂದಾರು. ನಾಳೆ ಮಾಡೋಣ, ಲಗ್ನ ಕಳೆಯಲಿ ಎಂದುಕೊಂಡೆ. ಎಲ್ಲವನ್ನೂ ಲಗ್ನದಾಚೆಗೆ ತಳ್ಳುವುದು ನನಗೆ ಅಭ್ಯಾಸವಾಗಿಹೋಗಿತ್ತು. ಎರಡು ತಿಂಗಳ ಮೇಲೆ ಒಂದು ದಿನ ಹತ್ತಿಸಿ ನೋಡಿದರೆ ಬೆರಳು ಗದ್ದದ ಹತ್ತಿರವೇ ನಿಂತಿತು. ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ, ನಮ್ಮನೆಯವರು ನೋಡುವುದು ಬೇಡವೆಂದು.

ಅವರು ಭುಜದ ಗೆರೆ ನೋಡಿದ್ದರು. ಎರಡು ಸಲ ನಾನು ಹೇಳದೆಯೇ ಮರ ಇಸಿದುಕೊಂಡು ಹೋಗಿ ಒಳಗೆ ಇನ್ನಷ್ಟು ತೋಡಿ ತಂದರು. ನೋಯುತ್ತದಾ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದೆ. ಕೈ ಮೊದಲಿನಿಂದಲೂ ಹೀಗೇ ಅಲ್ಲವೇ ಎನ್ನುತ್ತಿದ್ದೆ. ಹಳೆಯ ನೋವು ಇದ್ದವರಿಗೆ ಇದೊಂದು ಅನುಕೂಲ, ಹೊಸ ನೋವನ್ನು ಎಷ್ಟು ಬೇಕಾದರೂ ಅದರ ಹಿಂದೆ ಬಚ್ಚಿಡಬಹುದು.

ಲಗ್ನಕ್ಕೆ ಒಂದು ತಿಂಗಳಿರುವಾಗ ವಿಮಲನ ಬಾಸಿಂಗಕ್ಕೆಂದು ಆರಿಸಿಟ್ಟಿದ್ದ ಬೆಂಡು ತೆಗೆದು ಕುಳಿತೆ. ಅವಳು ಹುಟ್ಟಿದಾಗಿನಿಂದ ಮನಸ್ಸಿನಲ್ಲಿದ್ದದ್ದು ಅದು. ಎಷ್ಟೋ ಮನೆಯ ಹೆಣ್ಣುಮಕ್ಕಳಿಗೆ ಮಾಡಿದ್ದೆ, ಇವಳದಕ್ಕೆ ಏಳು ಗಿಳಿ ಇಡಬೇಕು, ಒಂದೊಂದರ ಕೊಕ್ಕೂ ಬೇರೆ ಬೇರೆ ಕಡೆಗೆ ತಿರುಗಿರಬೇಕು ಎಂದುಕೊಂಡಿದ್ದೆ. ಕತ್ತಿ ಹಿಡಿದು ಎಳೆದೆ. ಭುಜದಲ್ಲಿ ಏನೋ ಸಿಕ್ಕಿಹಾಕಿಕೊಂಡಂತಾಗಿ ಕೈ ಅರ್ಧಕ್ಕೆ ನಿಂತಿತು. ಬೆಂಡು ಹರಿಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಹರಿಯಿತು. ಮೂರನೆಯದಕ್ಕೆ ಕೈ ಚಾಚುವಾಗ ಅತ್ತೆ ಬಂದು ಕತ್ತಿ ತೆಗೆದುಕೊಂಡರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬಾಗಿಲ ಬೆಳಕಿಗೆ ಬೆಂಡು ಹಿಡಿದು, ತಡವರಿಸಿ, ಬೆರಳು ಕೊಯ್ದುಕೊಂಡು, ಹನ್ನೆರಡು ದಿನ ಕುಳಿತು ಬಾಸಿಂಗ ಕಟ್ಟಿದರು. ಎಸಳುಗಳು ದಪ್ಪ ದಪ್ಪ ಬಂದಿದ್ದವು, ಗಿಳಿ ಎರಡೇ ಇದ್ದವು. ನಾನು ಪಕ್ಕದಲ್ಲಿ ಅಂಟು ಕಲಸಿ ಕೊಡುತ್ತಿದ್ದೆ. ಅಷ್ಟು ದಿನದಲ್ಲಿ ಅವರು ಒಂದು ಸಲವೂ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ನನಗೆ ಒಳ್ಳೆಯದಿತ್ತು.

ಮದುವೆಯ ಬೆಳಿಗ್ಗೆ ವಿಮಲ ನೆಲದ ಮೇಲೆ ಕುಳಿತು ತಲೆ ಬಗ್ಗಿಸಿದ ಮೇಲೆ, ಎಡಗೈಯಲ್ಲಿ ಅವಳಿಗೆ ಹೂವು ಮುಡಿಸಿದೆ.

ಆಮೇಲೆ ಆಸ್ಪತ್ರೆಗೆ ತೋರಿಸಲು ಹೋದೆವು. ಡಾಕ್ಟರು ಎಲ್ಲ ಕಡೆ ಮುಟ್ಟಿ ನೋಡಿ, ಕಾಯಿಲೆ ಎಲ್ಲೂ ಕಾಣುವುದಿಲ್ಲ ಎಂದು ಸಂತೋಷಪಟ್ಟರು. ಕೈ ಎತ್ತಿ ಎಂದರು. ಎತ್ತಿದೆ. ಇನ್ನೂ ಎತ್ತಿ ಎಂದರು. ಅಷ್ಟೇ ಬರುವುದು ಎಂದೆ. ಅವರು ಭುಜದ ಮೇಲಿನ ತಗ್ಗನ್ನು ಬೆರಳಲ್ಲಿ ಮುಟ್ಟಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮರವನ್ನು ಕೈಗೆತ್ತಿಕೊಂಡು ತೂಗಿ ನೋಡಿದರು. ಕೆಲಸ ಬಹಳ ಚೆನ್ನಾಗಿದೆ ಎಂದರು. ನಮ್ಮನೆಯವರು ತಲೆ ತಗ್ಗಿಸಿದರು.

“ಕಾಯಿಲೆಯಿಂದ ನಿಮ್ಮನ್ನ ನಾವು ಉಳಿಸಿದ್ವಿ. ಕೈ ಮಾತ್ರ ನೀವೇ ಉಳಿಸ್ಕೋಬೇಕಿತ್ತಮ್ಮ. ಈಗ ತಡ ಆಯ್ತು” ಎಂದರು ಡಾಕ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆಲ್ಲಗೆ ಹೇಳಿದರು.

ಮನೆಗೆ ಬಂದ ಮೇಲೆ ನಮ್ಮನೆಯವರು ಆ ಮರವನ್ನು ಕೇಳಿ ತೆಗೆದುಕೊಂಡರು. ಹಿತ್ತಲಲ್ಲಿ ಕೊಡಲಿಯಿಂದ ಒಡೆದು ಬಚ್ಚಲ ಒಲೆಗೆ ಹಾಕಿದರು. ನಾನು ಕೆತ್ತಿಕೊಡಬಾರದಿತ್ತು ಎಂದರು. ಹಟ ಹಿಡಿದದ್ದು ನಾನು, ನಿಮ್ಮ ತಪ್ಪಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಯಾರಾದರೂ ಒಬ್ಬರು ತಪ್ಪು ಹೊತ್ತುಕೊಂಡರೆ ನನಗೆ ಹಗುರವಾಗುತ್ತದೆ ಅನ್ನಿಸಿತೋ ಏನೋ. ಎರಡು ವರ್ಷ ಕಳೆದು ಹೇಳಿದಾಗ ಅವರು, ಅದಕ್ಕೇನೀಗ ಬಿಡು ಎಂದರು. ಆದರೆ ಆ ಎರಡು ವರ್ಷ ಅವರು ಅದನ್ನು ಹೊತ್ತಿದ್ದರು.

ಒಂದು ವಾರದ ಮೇಲೆ ನನ್ನ ಹಾಸಿಗೆಯ ಮೇಲೆ ಬಿಳಿ ಮಲ್ಲು ಬಟ್ಟೆಯ ಒಂದು ಸಣ್ಣ ಗಂಟಿತ್ತು. ಒಳಗೆ ಬೆಂಡು. ಕಟ್ಟಿಕೊಂಡೆ. ಭುಜಕ್ಕೆ ಗೊತ್ತೇ ಆಗಲಿಲ್ಲ. ಅತ್ತೆಯ ಹತ್ತಿರ ಹೋಗಿ ಏನಾದರೂ ಹೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಅವರು ತಿರುಗಿ ನೋಡಿ, ಅಕ್ಕಿ ತೊಳೆದಿಟ್ಟಿದೀನಿ, ನೋಡು ಎಂದರು. ಅಷ್ಟಕ್ಕೇ ಮುಗಿಯಿತು. ಅವರು ತೀರಿಹೋಗಿ ಎಷ್ಟೋ ವರ್ಷವಾದರೂ ಆ ಬಾಗಿಲಲ್ಲಿ ನಾನು ಆಡದೆ ಉಳಿದ ಮಾತು ಹಾಗೇ ಇದೆ.

ಇಷ್ಟಾದರೂ ಮನಸ್ಸಿನಲ್ಲಿ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಕೈ ಹೋದರೆ ಹೋಯಿತು, ಮಗಳ ಬಾಳು ನಿಂತಿತಲ್ಲ, ಅವಳಿಗಾಗಿ ತಾನೇ ಮಾಡಿದ್ದು ಎಂದು. ವಿಮಲ ಬಾಣಂತನಕ್ಕೆ ಬಂದಾಗ ಗಿರಿಜಮ್ಮನವರು ಮೊಮ್ಮಗುವನ್ನು ನೋಡಲು ಸಾಗರಕ್ಕೆ ಬಂದಿದ್ದರು. ಮಗುವಿಗೆ ನೀರು ಹಾಕಿ ಮಲಗಿಸಿ, ಇಬ್ಬರೂ ಜಗಲಿಯಲ್ಲಿ ಕುಳಿತಿದ್ದೆವು. ಎಲೆ ಅಡಿಕೆಯ ತಟ್ಟೆಯನ್ನು ನಾನು ಎಡಗೈಯಲ್ಲಿ ಅವರ ಮುಂದೆ ಸರಿಸಿದೆ. ಬಲಗೈಯಲ್ಲಿ ಕೊಡಲಾರೆ, ತಪ್ಪು ತಿಳಿಯಬೇಡಿ ಎಂದೆ. ಅವರು ನನ್ನ ಕೈ ನೋಡಿದರು.

“ವಿಮಲನ ಅಮ್ಮ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹುಡುಗಿ ನೋಡೋಕೆ ಬಂದ ದಿನ ನೀವು ಚಾಪೆ ಹಾಸೋಕೆ ಬಗ್ಗಿದ್ರಲ್ಲ, ಆವಾಗ್ಲೇ ನನಗೆ ಗೊತ್ತಾಯ್ತು. ಒಂದು ಕಡೆ ಜಗ್ತು, ಇನ್ನೊಂದು ಕಡೆ ಹಂಗೇ ನಿಂತಿತ್ತು. ನಾನೂ ಹೆಂಗಸಲ್ವ.”

 ಗೊತ್ತಿದ್ದೂ ಒಪ್ಪಿದಿರಾ ಎಂದು ಕೇಳಿದೆ.

“ಒಪ್ಪದೆ ಎಂತ? ನಮಗೆ ಹಿಡಿಸಿದ್ದು ಹುಡುಗಿ. ದಾರಿಯಲ್ಲಿ ಬಸ್ಸಲ್ಲೇ ಮಗನಿಗೆ ಹೇಳ್ದೆ. ಅವನು, ಪಾಪ, ಎಷ್ಟು ನೋವಿರ್ತದೋ ಏನೋ, ನಾವು ಬರ್ತೀವಿ ಅಂತ ಅದನ್ನ ಕಟ್ಕೊಂಡು ಓಡಾಡಿದ್ರಲ್ಲಮ್ಮ ಅಂದ. ನಿಮಗೆ ಹೇಳಿಬಿಡೋಣ ಅಂತ ನನಗೆ ಎಷ್ಟೋ ಸಲ ಬಾಯಿಗೆ ಬಂತು. ನೊಂದ್ಕೊಳ್ತೀರೇನೋ ಅಂತ ಬಿಟ್ಟೆ. ಹೇಳ್ಬೇಕಿತ್ತು, ಅಲ್ವ?”

ಏಳು ತಿಂಗಳು. ಬೆಳಗಿನಿಂದ ಮಲಗುವವರೆಗೆ. ಯಾರಿಂದ ಮುಚ್ಚಿಡುತ್ತಿದ್ದೆನೋ ಅವರಿಗೆ ಮೊದಲ ದಿನವೇ ಗೊತ್ತಿತ್ತು.

ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಅಭ್ಯಾಸದಂತೆ ಬಲಗೈಯೇ ಮೊದಲು ಎದ್ದಿತು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಗಿರಿಜಮ್ಮನವರು ಹತ್ತಿರ ಸರಿದು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು.